ಅಪ್ಪನ ಆಸೆನಾ, ಮನೆ ಪದ್ಧತಿನಾ?

ಪ್ರಶ್ನೆ: ಅಪ್ಪ ಹಾಸಿಗೆ ಹಿಡಿದಿದಾರೆ. ‘ನನ್ನ ಅಡಿಕೆ ತೋಟದಲ್ಲೇ ಮಣ್ಣು ಮಾಡಿ’ ಅಂತಾರೆ, ಅಣ್ಣ ನಮ್ಮಲ್ಲಿ ಸುಡೋದೇ ಪದ್ಧತಿ ಅಂತಾನೆ. ಏನ್ ಮಾಡ್ಲಿ? – ತೀರ್ಥಹಳ್ಳಿ ಓದುಗರು

ಉತ್ತರ: ಅಪ್ಪ ಮಾತಾಡೋ ಸ್ಥಿತಿಲಿ ಇದಾರಲ್ಲ, ಇವತ್ತೇ ಅಣ್ಣನ್ನೂ ಪಕ್ಕ ಕೂರಿಸ್ಕೊಂಡು ಕೇಳಿ, ಅವರಿಗೆ ಬೇಕಿರೋದು ಮಣ್ಣಾಗೋದಾ ಇಲ್ಲ ತೋಟ ಬಿಟ್ಟು ಹೋಗದೇ ಇರೋದಾ ಅಂತ. ಎರಡೂ ಬೇರೆ ಕಣ್ರೀ. ತೋಟನೇ ಬೇಕು ಅಂದ್ರೆ ಸುಟ್ಟ ಮೇಲೆ ಒಂದು ಹಿಡಿ ಬೂದಿ ಅಡಿಕೆ ಮರದ ಬುಡಕ್ಕೆ ಹಾಕಿ ಉಳಿದಿದ್ದು ತುಂಗಾ ಭದ್ರಾ ಸೇರೋ ಕೂಡ್ಲಿಲಿ ಬಿಡಬಹುದು, ಅಣ್ಣನೂ ಒಪ್ತಾರೇನೋ. ಮಣ್ಣೇ ಅಂದ್ರೆ ಪಂಚಾಯ್ತಿಲಿ ಮೊದ್ಲೇ ಕೇಳಿ, ಬಾವಿಯಿಂದ ದೂರ ಎತ್ತರದ ಜಾಗ ನೋಡಿ, ಆಷಾಢದಲ್ಲಿ ನಮ್ಮ ಕಡೆ ಗುಂಡಿ ತೋಡ್ತಿದ್ದಂಗೇ ಒರತೆ ನೀರು ತುಂಬುತ್ತೆ. ಸುಡೋದಾದ್ರೆ ಒಣ ಸೌದೆ ಕೊಟ್ಟಿಗೇಲಿರ್ಲಿ. ಯಾವುದಾದ್ರೂ ಮರಣ ನೋಂದಣಿ 21 ದಿನದೊಳಗೆ ಮಾಡ್ಸಿ. ನನ್ನ ಕೇಳಿದ್ರೆ, ಅಪ್ಪನ ಮಾತೇ ನಡೀಲಿ.