ಸಂಪಾದಕರ ಉತ್ತರ: ಪಾಲಕರನ್ನು ಒಂದು ಪಾಠಕ್ಕೆ ಕೂರಿಸಿ

ಮಾನ್ಯ ಶಿಕ್ಷಕಿಯವರೇ,

ಶಿರಸಿ ತಾಲ್ಲೂಕಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಿಂದ ನೀವು ಬರೆದ ಪತ್ರ ತಲುಪಿದೆ. ಆರು ಮತ್ತು ಏಳನೆಯ ತರಗತಿಗಳಿಗೆ ಇಂಗ್ಲಿಷ್ ಕಲಿಸುವ ನಿಮಗೆ ಮುಂದಿನ ಪಾಲಕರ ಸಭೆಯಲ್ಲಿ ಅರ್ಧ ಗಂಟೆ ಸಿಕ್ಕಿದೆ. ಕಳೆದ ವರ್ಷ ಇಂಥದೇ ಸಭೆಯಲ್ಲಿ ಪಠ್ಯಕ್ರಮವನ್ನೂ ರೂಪಣಾತ್ಮಕ, ಸಂಕಲನಾತ್ಮಕ ಪರೀಕ್ಷೆಗಳ ಅಂಕಗಳನ್ನೂ ನೀವು ವಿವರಿಸಿ ಮುಗಿಸಿದಾಗ ತಾಯಿಯೊಬ್ಬರು ಎದ್ದು, "ನಮ್ಗೆ ಇಂಗ್ಲಿಷ್ ಬರೂದಿಲ್ಲ ಅಕ್ಕೋರೆ, ನೀವೇ ನೋಡ್ಕಳಿ" ಎಂದರೆಂದೂ ಉಳಿದವರೆಲ್ಲ ಅದಕ್ಕೆ ತಲೆಯಾಡಿಸಿದರೆಂದೂ ಬರೆದಿದ್ದೀರಿ. ಈ ಸಲ ನಿಮ್ಮ ತರಗತಿಯನ್ನು ಅವರಿಗೆ ಪರಿಚಯಿಸುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ.

ಪರಿಚಯಿಸುವ ಭಾಷಣವನ್ನು ಕೈಬಿಟ್ಟು ಅವರನ್ನು ಒಂದು ಪಾಠಕ್ಕೆ ಕೂರಿಸಿ ಎಂಬುದು ನನ್ನ ಉತ್ತರ. ಏಕೆಂದರೆ ಆ ತಾಯಿ ನಿರಾಕರಿಸಿದ್ದು ನಿಮ್ಮ ತರಗತಿಯನ್ನಲ್ಲ, ತಾವು ಕಲಿತ ಇಂಗ್ಲಿಷ್ ತರಗತಿಯನ್ನು. ಐದನೆಯ ತರಗತಿಯಲ್ಲಿ ಎ, ಬಿ, ಸಿ, ಡಿ ಶುರುಮಾಡಿ, ಶಬ್ದಾರ್ಥ, ಸ್ಪೆಲಿಂಗ್, ಪ್ರಶ್ನೋತ್ತರಗಳ ಕಂಠಪಾಠದಲ್ಲಿಯೇ ಏಳನೆಯದನ್ನು ಮುಗಿಸಿದವರು ಅವರು. ನಮ್ಮ ಸರಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿರುವುದರಿಂದ, ಇಂದು ಆರನೆಯ ತರಗತಿಗೆ ಕಾಲಿಡುವ ಮಗುವಿಗೆ ಆ ಭಾಷೆಯೊಡನೆ ಐದು ವರ್ಷಗಳ ಒಡನಾಟವಿರುತ್ತದೆ. ಅಲ್ಲಿಯವರೆಗೆ ಓದಲು ಕಲಿಯುವ ಕೆಲಸ; ಅಲ್ಲಿಂದ ಮುಂದೆ ಓದಿದ್ದನ್ನು ಯೋಚಿಸುವ, ಸಮರ್ಥಿಸುವ, ತನ್ನ ಮಾತಿನಲ್ಲಿ ಬರೆಯುವ ಕೆಲಸ. ಈ ತಿರುವನ್ನು ಪಾಲಕರಿಗೆ ಯಾರೂ ತೋರಿಸಿಲ್ಲ.

ಆದ್ದರಿಂದ ಮೊದಲ ಹದಿನೈದು ನಿಮಿಷ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ. ಐದಾರು ಸರಳ ವಾಕ್ಯಗಳ ಇಂಗ್ಲಿಷ್ ಕಥೆಯೊಂದನ್ನು ನೀವೇ ಬರೆದುಕೊಳ್ಳಿ. ಉದಾಹರಣೆಗೆ, ಶಾಲೆಯಿಂದ ಮರಳುವ ಹುಡುಗನೊಬ್ಬ ಬಸ್ ನಿಲ್ದಾಣದಲ್ಲಿ ನೆನೆಯುತ್ತ ನಿಂತ ಅಜ್ಜಿಗೆ ತನ್ನ ಕೊಡೆಯನ್ನು ಕೊಟ್ಟು ಒದ್ದೆಯಾಗಿ ಮನೆ ಸೇರುತ್ತಾನೆ. ಅಪ್ಪ ಕೇಳಿದರೆ ಕೊಡೆ ಕಳೆದುಹೋಯಿತು ಎನ್ನುತ್ತಾನೆ. ಎರಡು ಸಲ ನಿಧಾನವಾಗಿ ಓದಿ, ಪ್ರತಿ ಮಗುವೂ ಅದನ್ನು ಮನೆಮಾತಿನಲ್ಲಿ ಪಕ್ಕದಲ್ಲಿರುವ ತನ್ನ ತಾಯಿಗೋ ತಂದೆಗೋ ಹೇಳಲಿ. ಬಳಿಕ ಪಾಲಕರನ್ನೇ ಕೇಳಿ: ಹುಡುಗ ಸುಳ್ಳು ಹೇಳಿದ್ದೇಕೆ? ಉತ್ತರ ಕಥೆಯಲ್ಲಿ ನೇರವಾಗಿ ಇಲ್ಲ. ಅಪ್ಪನ ಭಯ ಎಂದು ಒಬ್ಬರು, ಮಾಡಿದ ಉಪಕಾರವನ್ನು ಹೇಳಿಕೊಳ್ಳುವ ಮನಸ್ಸಿಲ್ಲ ಎಂದು ಇನ್ನೊಬ್ಬರು ಹೇಳಬಹುದು. ಆಗ ಎರಡನೆಯ ಪ್ರಶ್ನೆ: ನಿಮ್ಮ ಮಾತಿಗೆ ಕಥೆಯ ಯಾವ ವಾಕ್ಯ ಆಧಾರ? ಆ ವಾಕ್ಯವನ್ನು ಮಕ್ಕಳು ಬೆರಳಿಟ್ಟು ತೋರಿಸಲಿ. ವರ್ಷವಿಡೀ ನಿಮ್ಮ ತರಗತಿಯಲ್ಲಿ ನಡೆಯುವುದು ಇದೇ ಎಂದು ಅಲ್ಲಿಯೇ ಹೇಳಿಬಿಡಿ.

ಈ ಕೆಲಸ ನಮ್ಮ ಜನರಿಗೆ ಹೊಸತಲ್ಲ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಯಕ್ಷಗಾನದ ತಾಳಮದ್ದಳೆಯಲ್ಲಿ ಭಾಗವತರು ಪದ್ಯವನ್ನು ಹಾಡುತ್ತಾರೆ. ಪಾತ್ರದ ಮಾತಾಡುವ ಅರ್ಥಧಾರಿ ವೇಷವಿಲ್ಲದೆ, ಬರೆದಿಟ್ಟ ಸಂಭಾಷಣೆಯಿಲ್ಲದೆ, ಆ ಪದ್ಯವನ್ನೇ ಹಿಡಿದು ಮಾತನ್ನು ಕಟ್ಟುತ್ತಾನೆ. ಎದುರು ಕುಳಿತವನ ವಾದ ಪದ್ಯದ ಆಶಯವನ್ನು ಮೀರಿತೇ, ಪಾತ್ರದ ಸ್ವಭಾವಕ್ಕೆ ಒಪ್ಪಿತೇ ಎಂದು ಬೆಳಗಿನವರೆಗೆ ಕುಳಿತು ತೂಗುವ ಶ್ರೋತೃಗಳು ನಿಮ್ಮ ಶಾಲೆಯ ಪಾಲಕರಲ್ಲಿಯೂ ಇದ್ದೇ ಇರುತ್ತಾರೆ. ಕೌರವನ ಸಭೆಯಲ್ಲಿ ಕೃಷ್ಣ ಆಡಿದ ಮಾತಿಗೆ ಆಧಾರ ಕೇಳಬಲ್ಲವರು ಕೊಡೆ ಕೊಟ್ಟ ಹುಡುಗನ ಮಾತಿಗೂ ಕೇಳಬಲ್ಲರು. ಭಾಷೆ ಬೇರೆ, ಓದುವ ರೀತಿ ಒಂದೇ. ಸಭೆಯಲ್ಲಿ ಈ ಹೋಲಿಕೆಯನ್ನು ತಪ್ಪದೆ ಬಳಸಿ.

ಇನ್ನು ಪಟ್ಟಿಯ, ಅಂದರೆ ಮಕ್ಕಳ ನೋಟ್‌ಬುಕ್ಕಿನ, ವಿಷಯ. ಯಾವ ಮಗುವಿನದೆಂದು ಗೊತ್ತಾಗದಂತೆ ಒಂದು ಪುಟವನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿ. ನಿನ್ನೆ ನಾನು ತೋಟಕ್ಕೆ ಹೋದೆ ಎನ್ನಲು ಹೊರಟ ಮಗು 'ವೆಂಟ್' ಬದಲು, 'ಗೋ' ಪದಕ್ಕೆ ಇ, ಡಿ ಅಕ್ಷರಗಳನ್ನು ಹಚ್ಚಿ 'ಗೋಡ್' ಎಂದು ಬರೆದಿರುತ್ತದೆ. ಪಾಲಕರಿಗೆ ಇದು ದಡ್ಡತನವೆಂದು ಕಾಣುತ್ತದೆ. ವಾಸ್ತವವಾಗಿ ಭೂತಕಾಲದ ನಿಯಮವೊಂದನ್ನು ಮಗು ತಾನೇ ಕಂಡುಕೊಂಡು, ಅದು ಅನ್ವಯಿಸದ ಕಡೆಗೂ ಅನ್ವಯಿಸಿದೆ. ಬಾಯಿಪಾಠ ಮಾಡಿದ ಮಗು ಈ ತಪ್ಪನ್ನು ಮಾಡುವುದಿಲ್ಲ. 'ದ' ಎಂಬ ಪುಟ್ಟ ಪದವನ್ನು ಮಕ್ಕಳು ಬಿಟ್ಟುಬಿಡುವುದಕ್ಕೂ ಕಾರಣವಿದೆ: ಕನ್ನಡದಲ್ಲಿ ಅಂಥ ಪದವೇ ಇಲ್ಲ. ಸ್ಪೆಲಿಂಗಿನ ಬಗ್ಗೆ ಕೇಳಿದರೆ 'ನೈಫ್' ಪದವನ್ನು ಬರೆದು, ಮೊದಲಿಗೆ ಸುಮ್ಮನೆ ಕುಳಿತ 'ಕೆ' ಅಕ್ಷರವನ್ನು ತೋರಿಸಿ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿನಲ್ಲಿ ಮುದ್ರಣಾಲಯ ತೆರೆದ ಕಾಲಕ್ಕೆ ಅಲ್ಲಿಯ ಜನ ಅದನ್ನು ಉಚ್ಚರಿಸುತ್ತಿದ್ದರು. ಮುಂದೆ ನಾಲಗೆ ಅದನ್ನು ಬಿಟ್ಟಿತು, ಅಚ್ಚು ಬಿಡಲಿಲ್ಲ. ಬರೆದಂತೆ ಓದುವ ನಮ್ಮ ಮಕ್ಕಳಿಗೆ ಇದು ಕಷ್ಟವೆಂದು ಪಾಲಕರಿಗೆ ತಿಳಿದರೆ, ಕೆಂಪು ಗೆರೆ ಕಂಡೊಡನೆ ಬೈಯುವುದಾದರೂ ಕಡಿಮೆಯಾದೀತು.

ಮನೆಯಲ್ಲಿ ಅವರು ಮಾಡಬೇಕಾದುದು ಸ್ವಲ್ಪವೇ. ದಿನಕ್ಕೆ ಹತ್ತು ನಿಮಿಷ, "ಇವತ್ತು ಏನು ಓದಿದೆ, ಹೇಳು" ಎಂದು ಕೇಳಿ, ಹೇಳಿ ಮುಗಿಸುವವರೆಗೆ ತಡೆಯದೆ ಕೇಳಿಸಿಕೊಂಡು, "ಅದು ಹಾಗೇಕಾಯ್ತು?" ಎಂದು ಇನ್ನೊಂದು ಪ್ರಶ್ನೆ ಹಾಕಿದರೆ ಸಾಕು. ಹವ್ಯಕ ಕನ್ನಡವಾಗಲಿ, ಕೊಂಕಣಿಯಾಗಲಿ, ಮರಾಠಿಯಾಗಲಿ, ಮನೆಯ ಮಾತಿನಲ್ಲಿ ಕಥೆಯನ್ನು ಸರಿಯಾಗಿ ಹೇಳಬಲ್ಲ ಮಗು ಅದನ್ನು ಅರ್ಥಮಾಡಿಕೊಂಡಿದೆ ಎಂದೇ ಲೆಕ್ಕ. ಬಾರದ ಇಂಗ್ಲಿಷಿನಲ್ಲಿ ಮಕ್ಕಳೊಡನೆ ಮಾತಾಡಬೇಕೆಂಬ ಒತ್ತಾಯವನ್ನು ದಯವಿಟ್ಟು ಅವರ ಮೇಲೆ ಹೇರಬೇಡಿ. ಹಾಗೆ ಮಾಡಿದ ಮನೆಗಳಲ್ಲಿ ಮಾತೇ ಕಡಿಮೆಯಾದುದನ್ನು ನಾನು ನೋಡಿ ನೊಂದಿದ್ದೇನೆ.

ದಿನ ಗೊತ್ತುಮಾಡುವಾಗ ಒಂದು ಎಚ್ಚರ. ಜುಲೈಯಲ್ಲಿ ಮಳೆ ಹೊಳವಾದ ದಿನ ನಿಮ್ಮ ಕಡೆಯ ತೋಟಿಗರೆಲ್ಲ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಗಡಿಬಿಡಿಯಲ್ಲಿರುತ್ತಾರೆ, ಗದ್ದೆಯಿದ್ದವರು ನೆಟ್ಟಿಯಲ್ಲಿ. ಸಭೆಯನ್ನು ನೆಟ್ಟಿ ಮುಗಿದ ಮೇಲಕ್ಕೆ, ಸಂಜೆಯ ಹೊತ್ತಿಗೆ ಇಟ್ಟುಕೊಳ್ಳಲು ಮುಖ್ಯಾಧ್ಯಾಪಕರನ್ನು ಒಪ್ಪಿಸಿ. ಕಾರವಾರ, ಅಂಕೋಲಾ ಕಡೆ ಕಲಿಸುವ ನಿಮ್ಮ ಗೆಳತಿಯರಿದ್ದರೆ ಅವರಿಗೆ ಜೂನ್, ಜುಲೈಯೇ ಅನುಕೂಲ. ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವ ಆ 61 ದಿನಗಳಲ್ಲಿ ತಂದೆಯರೂ ಊರಿನಲ್ಲಿರುತ್ತಾರೆ.

ಕಳೆದ ವರ್ಷ ಎದ್ದು ನಿಂತು ಮಾತಾಡಿದ ಆ ತಾಯಿಗೆ ಮಗುವಿನ ಕೈಯಲ್ಲಿ ಪ್ರತ್ಯೇಕವಾಗಿ ಹೇಳಿಕಳಿಸಿ, ಬರಲೇಬೇಕೆಂದು. ಉಳಿದವರು ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ಬಾಯಿಬಿಟ್ಟು ಹೇಳಿದವರು ಅವರು. ಕೊಡೆಯ ಹುಡುಗ ಸುಳ್ಳು ಹೇಳಿದ್ದೇಕೆ ಎಂಬ ಪ್ರಶ್ನೆಯನ್ನು ಮೊದಲು ಅವರನ್ನೇ ಕೇಳಿ.

– ಸಂಪಾದಕ