ನನಗೆ ಸರ್‌ನೇಮ್ ಇಲ್ಲ, ಇನಿಷಿಯಲ್ ಮಾತ್ರ ಇದೆ. ಆನ್‌ಲೈನ್ ಫಾರಂಗಳಿಗೋಸ್ಕರ ಒಂದು ಸರ್‌ನೇಮ್ ಇಟ್ಟುಕೊಳ್ಳಲೇ?

ಬೇಡ. ದಯವಿಟ್ಟು ಬೇಡ. 'ಎಲ್ಲ ಆ್ಯಪ್‌ನಲ್ಲೂ ಲಾಸ್ಟ್ ನೇಮ್ ಕೇಳ್ತಾರೆ, ಒಂದೊಂದು ಕಡೆ ನಾನು ಒಂದೊಂದು ಹೆಸರಿನವನಾಗಿದ್ದೇನೆ, ಒಂದು ಸರ್‌ನೇಮ್ ಇಟ್ಟುಕೊಂಡರೆ ಮಗಳಿಗೂ ಅದೇ ಕೊಡಬಹುದು' ಅಂತ ಬರೆದಿದ್ದೀರಿ. ನಾನೂ ಇದೇ ದಾರಿಯಲ್ಲಿ ಹೋಗಿ ಬಂದವನು.

2011. ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಮೊದಲ ಕೆಲಸ. ಸೇರಿದ ದಿನವೇ ಒಂದು ಲಿಂಕ್ ಕಳಿಸಿ, ಊಟಕ್ಕೆ ಹೋಗುವ ಮುಂಚೆ ತುಂಬಿಬಿಡಿ ಅಂದರು. ಫಸ್ಟ್ ನೇಮ್, ಲಾಸ್ಟ್ ನೇಮ್, ಎರಡು ಕಾಲಂ, ಎರಡರ ಪಕ್ಕದಲ್ಲೂ ಕೆಂಪು ನಕ್ಷತ್ರ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವುದು 'ಮಹೇಶ ಎಚ್ ಎನ್'. ಎಚ್ ಅಂದರೆ ಹೊಸಹಳ್ಳಿ, ಮಂಡ್ಯ ಕಡೆಯ ನಮ್ಮೂರು. ಎನ್ ಅಂದರೆ ನಿಂಗಪ್ಪ, ನಮ್ಮಪ್ಪ. (ಊರು, ಹೆಸರುಗಳನ್ನು ಇಲ್ಲಿ ಬದಲಿಸಿ ಬರೆದಿದ್ದೇನೆ. ನಡೆದದ್ದು ಮಾತ್ರ ಹೀಗೇ.) ಲಾಸ್ಟ್ ನೇಮ್ ಜಾಗದಲ್ಲಿ 'ಎನ್' ಅಂತ ಹಾಕಿದೆ. ಒಂದೇ ಅಕ್ಷರ ಆಗಲ್ಲ ಅಂತು. 'ಎಚ್ ಎನ್' ಅಂತ ಹಾಕಿದೆ. ನಡುವೆ ಖಾಲಿ ಬಿಡಬಾರದು ಅಂತು. 'ನಿಂಗಪ್ಪ' ಅಂತ ಹಾಕಿದೆ. ಹಸಿರು ಟಿಕ್ ಬಿತ್ತು. ಊಟಕ್ಕೆ ಹೋದೆ.

ಆವತ್ತಿನಿಂದ ನಾನು ಆಫೀಸಿನಲ್ಲಿ ನಿಂಗಪ್ಪ. ಇಮೇಲ್‌ನಲ್ಲಿ, ಕೊರಳಿನ ಐಡಿ ಕಾರ್ಡಿನಲ್ಲಿ, ಮೀಟಿಂಗ್ ಪರದೆಯ ಕೆಳಗೆ. ಅಲ್ಲಿಂದ ಇನ್ನೊಂದು ಕಂಪನಿಗೆ ಹೋದಾಗ ಅದೇ ಹೆಸರು ಜೊತೆಗೆ ಬಂತು. ಹೊರ ರಾಜ್ಯದವರಿಗೆ ಅದು ನನ್ನ ಮನೆತನದ ಹೆಸರು ಅನಿಸುತ್ತಿತ್ತು. ತಿದ್ದಲು ಹೋಗಲಿಲ್ಲ. ಒಂದೆರಡು ವರ್ಷ ಕಳೆದ ಮೇಲೆ ಯಾರಾದರೂ ನಿಂಗಪ್ಪ ಅಂದರೆ ನಾನೇ ತಿರುಗುತ್ತಿದ್ದೆ.

2020ರ ಡಿಸೆಂಬರ್‌ನಲ್ಲಿ ಊರಿನಿಂದಲೇ ಕೆಲಸ ಮಾಡುತ್ತಿದ್ದೆ. ಲ್ಯಾಪ್‌ಟಾಪ್ ಪಡಸಾಲೆಯಲ್ಲಿ, ಸ್ಪೀಕರ್ ಆನ್. ಅಪ್ಪ ಪಕ್ಕದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ನಾನು ನೀರು ತರೋಣ ಅಂತ ಒಳಗೆ ಎದ್ದು ಹೋದೆ. ಅಷ್ಟರಲ್ಲಿ ಪುಣೆಯ ಮ್ಯಾನೇಜರ್ 'ನಿಂಗಪ್ಪ... ನಿಂಗಪ್ಪ...' ಅಂತ ಎರಡು ಸಲ ಕರೆದರು. ನಾನು ಚೊಂಬು ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಅಪ್ಪ ಎದ್ದು, ಕೈಯನ್ನು ಪಂಚೆಗೆ ಒರೆಸಿಕೊಂಡು, ಲ್ಯಾಪ್‌ಟಾಪ್ ಮುಂದೆ ನಿಂತಿದ್ದರು. 'ನಾನೇ ಸ್ವಾಮಿ ನಿಂಗಪ್ಪ. ಹೇಳಿ' ಅಂದರು. ಪರದೆಯಲ್ಲಿದ್ದ ಆರೇಳು ಜನ ಸುಮ್ಮನಾದರು. ಅಪ್ಪ ನನ್ನ ಕಡೆ ತಿರುಗಿ, 'ಯಾರ್ಲಾ ಇವ್ರು? ನನ್ನ ಹೆಸ್ರು ಇವ್ರಿಗೆ ಹೆಂಗೊತ್ತು?' ಅಂತ ಕೇಳಿದರು.

ರಾತ್ರಿ ಊಟದ ಹೊತ್ತಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು. 'ಮತ್ತೆ ನಿನ್ನ ಏನಂತ ಕರೀತಾರ್ಲಾ ಅಲ್ಲಿ?'

ಅದರ ಮುಂದಿನ ಮಳೆಗಾಲದಲ್ಲಿ ಅಪ್ಪ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್‌ಗೆ ಒಂದೂಮುಕ್ಕಾಲು ಲಕ್ಷ ಅಂದರು. ನನ್ನ ಮೊದಲ ಕಂಪನಿಯ ಪಿಎಫ್ ಹಣ ಸುಮಾರು 2 ಲಕ್ಷ ಹಾಗೇ ಬಿದ್ದಿತ್ತು. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದೆ. ಆಧಾರ್‌ನ ಹೆಸರಿಗೂ ಪಿಎಫ್‌ನ ಹೆಸರಿಗೂ ತಾಳೆ ಆಗುತ್ತಿಲ್ಲ ಅಂತ ವಾಪಸ್ ಬಂತು. ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಪಕ್ಕ ಕೂತು ಆ ಮೆಸೇಜ್ ಓದಿದೆ. ಮಂಚದ ತಲೆಯ ಹತ್ತಿರ ಚೀಟಿ ಅಂಟಿಸಿದ್ದರು. ಅದರಲ್ಲೂ ಬರೆದಿತ್ತು, ನಿಂಗಪ್ಪ.

ಪಿಎಫ್‌ನಲ್ಲಿ ಹೆಸರು ತಿದ್ದಬೇಕು ಅಂದರೆ ಆಗ ನಾನೂ ಕಂಪನಿಯವರೂ ಸೇರಿ ಸಹಿ ಮಾಡಿದ ಜಂಟಿ ಘೋಷಣೆ ಕೊಡಬೇಕಿತ್ತು. ಆ ಕಂಪನಿ 2016ರಲ್ಲೇ ಬಾಗಿಲು ಹಾಕಿತ್ತು. ಯಾರ ಹತ್ತಿರ ಸಹಿ ಹಾಕಿಸಲಿ? ಹೆಂಡತಿಯ ಬಳೆ, ಸರ ಅಡ ಇಟ್ಟೆವು. ಹಳೇ ಸಂಬಳದ ಚೀಟಿ ಹುಡುಕಿ, ಅಫಿಡವಿಟ್ ಮಾಡಿಸಿ, ಅಲೆದು ಅಲೆದು ಆ ದುಡ್ಡು ಕೈಗೆ ಬಂದಿದ್ದು ಹತ್ತು ತಿಂಗಳ ಮೇಲೆ.

ಈಗ ನನ್ನ ತಪ್ಪು ಯಾವುದು ಅಂತ ಸರಿಯಾಗಿ ಹೇಳಬೇಕು. ಯಾಕಂದ್ರೆ ಈ ಕಥೆ ಕೇಳಿದವರೆಲ್ಲ 'ಅಪ್ಪನ ಹೆಸರನ್ನ ಲಾಸ್ಟ್ ನೇಮ್ ಮಾಡಿದ್ದೇ ತಪ್ಪು' ಅಂತಾರೆ. ಅದಲ್ಲ. ಅಪ್ಪನ ಹೆಸರನ್ನು ಅಲ್ಲಿ ಹಾಕಿಕೊಂಡು ಆರಾಮಾಗಿರುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಪ್ಪು, ಆವತ್ತು ಬ್ಯಾಗಿನಲ್ಲೇ ಇದ್ದ ಅಂಕಪಟ್ಟಿಯನ್ನು ತೆಗೆದು ನೋಡದೇ ಇದ್ದದ್ದು. ನೋಡಿದ್ದರೆ ಕೊನೆಯ 'ಎ' ಕಣ್ಣಿಗೆ ಬೀಳುತ್ತಿತ್ತು. ಅಂಕಪಟ್ಟಿಯಲ್ಲಿ ಇಂಗ್ಲಿಷ್‌ನಲ್ಲಿ ನನ್ನ ಹೆಸರಿನ ಕೊನೆಗೆ 'ಎ' ಇದೆ, ಮಹೇಶ. ನಾನು ಫಾರಂನಲ್ಲಿ ಹೊಡೆದದ್ದು ಮಹೇಶ್. ಕೈಗೆ ಆ ಅಭ್ಯಾಸ ಹತ್ತಿಸಿದ್ದು ಫೇಸ್‌ಬುಕ್. 2009ರಲ್ಲಿ ಅಕೌಂಟ್ ಮಾಡುವಾಗ ಮಹೇಶ ಅಂದರೆ ಹಳ್ಳಿ ಹುಡುಗ, ಮಹೇಶ್ ಅಂದರೆ ಸಿಟಿಯವನು ಅನಿಸಿತ್ತು. ಬೇಕು ಅಂತಲೇ ಆ ಒಂದು ಅಕ್ಷರ ಬಿಟ್ಟಿದ್ದೆ. ಎರಡು ವರ್ಷದಲ್ಲಿ ಅದೇ ನನ್ನ ಹೆಸರು ಅಂತ ನಾನೇ ನಂಬಿಬಿಟ್ಟಿದ್ದೆ. ಆಮೇಲೆ ಪ್ರತಿ ಫಾರಂ ಬಂದಾಗಲೂ ಆ ಹೊತ್ತಿಗೆ ಯಾವ 'ನಾನು' ನೆನಪಿಗೆ ಬಂದನೋ ಅವನನ್ನು ತುಂಬಿದೆ. ಪಿಎಫ್‌ನಲ್ಲಿ ಮಹೇಶ್ ನಿಂಗಪ್ಪ. ಆಧಾರ್‌ನಲ್ಲಿ ಮಹೇಶ ಎಚ್ ಎನ್. ಏಜೆಂಟ್ ಕೈಲಿ ಮಾಡಿಸಿದ ಪ್ಯಾನ್‌ನಲ್ಲಿ ಹೊಸಹಳ್ಳಿ ನಿಂಗಪ್ಪ ಮಹೇಶ, ಹಿಂದುಮುಂದಾಗಿ. ಲಾಸ್ಟ್ ನೇಮ್ ಕಾಲಂ ನನ್ನನ್ನು ಕೆಡಿಸಲಿಲ್ಲ. ಅದನ್ನು ಬರೀ ಖಾಲಿ ಜಾಗ ಅಂದುಕೊಂಡು ತುಂಬಿದ್ದು ಕೆಡಿಸಿತು. ಅದು ನನ್ನ ಹೆಸರು ಅಲ್ವಾ?

ಫೇಸ್‌ಬುಕ್‌ನಲ್ಲಿ ಏನಿತ್ತು ಅಂತ ಹೇಳಲೇಬೇಕು. ಮಹೇಶ್ ಗೌಡ. ನಮ್ಮ ಮನೆಯಲ್ಲಿ ಯಾರೂ ಹೆಸರಿನ ಜೊತೆ ಗೌಡ ಅಂತ ಬರೆದುಕೊಂಡವರಲ್ಲ. ಲಾಸ್ಟ್ ನೇಮ್ ಕೇಳಿತು, ಸುತ್ತ ಇದ್ದವರೆಲ್ಲ ಜಾತಿ ಹಾಕಿಕೊಂಡಿದ್ದರು, ನಾನೂ ಹಾಕಿಕೊಂಡೆ. ಹಾಸ್ಟೆಲ್‌ನಲ್ಲಿ ಮೂರು ವರ್ಷ ಒಂದೇ ರೂಮಿನಲ್ಲಿದ್ದ ಗೆಳೆಯ ಒಂದು ದಿನ ಕೇಳಿದ: 'ಇಷ್ಟು ದಿನ ನೀನು ಬರೀ ಮಹೇಶ ಆಗಿದ್ದೆ. ಈಗೇನಾಯ್ತು?' ಅವನ ಮನೆಯವರ ಜಾತಿಯನ್ನು ನಮ್ಮೂರಿನ ಹೋಟೆಲಿನಲ್ಲಿ ಹೇಗೆ ನಡೆಸಿಕೊಳ್ಳುತ್ತಿದ್ದರು ಅಂತ ನನಗೆ ಗೊತ್ತಿತ್ತು. ಉತ್ತರ ಕೊಡಲು ಆಗಲಿಲ್ಲ. ಆವತ್ತೇ ತೆಗೆದೆ. ಆದರೆ ಅವನು ಮೊದಲಿನ ಹಾಗೆ ಮಾತಾಡಲು ಬಹಳ ದಿನ ಹಿಡಿಯಿತು. ಸರ್‌ನೇಮ್ ಬೇಕು ಅಂತ ಹೊರಟರೆ ನಮ್ಮ ಕಡೆಯವರಿಗೆ ಮೊದಲು ಕೈಗೆ ಸಿಗುವುದೇ ಜಾತಿ. ಅದಕ್ಕೇ ನಾನು ಇಷ್ಟು ಒತ್ತಿ ಬೇಡ ಅನ್ನುತ್ತಿರುವುದು.

'ನನಗೆ ಸರ್‌ನೇಮ್ ಇಲ್ಲ' ಅಂತ ಬರೆದಿದ್ದೀರಲ್ಲ, ಅದನ್ನೇ ನಾನು ಒಪ್ಪುವುದಿಲ್ಲ. ನಿಮಗೆ ಇಲ್ಲದ್ದು ಏನೂ ಇಲ್ಲ. ಊರು, ಅಪ್ಪ, ನೀವು, ಮೂರೂ ನಿಮ್ಮ ಹೆಸರಿನಲ್ಲಿ ಇವೆ. ಕುವೆಂಪು ಅನ್ನುವ ಮೂರಕ್ಷರ ಎಲ್ಲಿಂದ ಬಂತು? ಕುಪ್ಪಳಿ, ವೆಂಕಟಪ್ಪ, ಪುಟ್ಟಪ್ಪ. ಎಚ್.ಡಿ. ದೇವೇಗೌಡರ ಎಚ್ ಹರದನಹಳ್ಳಿ, ಡಿ ಅವರ ತಂದೆ ದೊಡ್ಡೇಗೌಡರು. ಉತ್ತರ ಕರ್ನಾಟಕದವರಿಗೆ ಪಾಟೀಲ, ಅಂಗಡಿ, ಬೆಲ್ಲದ ಅಂತ ಅಡ್ಡಹೆಸರು ಇರುತ್ತೆ, ಅವರು ಈ ಫಾರಂನಲ್ಲಿ ಸಲೀಸಾಗಿ ಕೂರುತ್ತಾರೆ. ನಾವು ಕೂರಲ್ಲ. ತಮಿಳುನಾಡಿನವರೂ ಕೂರಲ್ಲ. ಐಸ್‌ಲ್ಯಾಂಡಿನಲ್ಲೂ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ, ಅಪ್ಪನ ಅಥವಾ ಅಮ್ಮನ ಹೆಸರೇ ಜೊತೆಗೆ ಬರುವುದು, ಅಲ್ಲಿನ ಟೆಲಿಫೋನ್ ಪಟ್ಟಿಯನ್ನೇ ಮೊದಲ ಹೆಸರಿನ ಮೇಲೆ ಜೋಡಿಸುತ್ತಿದ್ದರು. ಯಾರೋ ತಮ್ಮ ಊರಿನ ಹೆಸರುಗಳನ್ನು ನೋಡಿ ಮಾಡಿದ ಎರಡು ಕಾಲಂಗೆ ನೀವು ಯಾಕೆ ಬದಲಾಗಬೇಕು?

ಹಾಗಾದರೆ ಮಾಡಬೇಕಾದ್ದೇನು ಅಂದರೆ, ಇವತ್ತು ರಾತ್ರಿಯೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಇನಿಷಿಯಲ್ ಬಿಡಿಸಿದರೆ ಏನು ಬರುತ್ತೆ ಅನ್ನುವುದನ್ನೂ ಬರೆದಿಡಿ. ಯಾಕಂದ್ರೆ ಪ್ಯಾನ್ ಅರ್ಜಿಯಲ್ಲಿ ಲಾಸ್ಟ್ ನೇಮ್ ಜಾಗದಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು. ಆಧಾರ್‌ನಲ್ಲೂ ಅದೇ ರೀತಿ ಬಿಡಿಸಿದ ಹೆಸರು ಹಾಕಿಸಿ. ಆದರೆ ಹುಷಾರು, ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಬಹುದು. ನಾನು ಒಂದನ್ನು ಖರ್ಚು ಮಾಡಿಯಾಗಿದೆ. 2023ರ ಜೂನ್ 30ರ ಗಡುವಿನಲ್ಲಿ ಪ್ಯಾನ್‌ಗೆ ಆಧಾರ್ ಜೋಡಿಸುವಾಗ 1,000 ರೂಪಾಯಿ ಶುಲ್ಕ ಕಟ್ಟಿದ್ದಲ್ಲದೆ, ಮೊದಲು ಪ್ಯಾನ್‌ನಲ್ಲಿ ಹೆಸರು ತಿದ್ದಿಸುವ ಕೆಲಸವೂ ಬಿತ್ತು.

ಪಾಸ್‌ಪೋರ್ಟ್‌ನಲ್ಲಿ ಮಾತ್ರ ಒಂಟಿ ಹೆಸರು ಬೇಡವೇ ಬೇಡ. 2022ರ ನವೆಂಬರ್‌ನಿಂದ ಯುಎಇಗೆ ಒಂಟಿ ಹೆಸರಿನ ಪಾಸ್‌ಪೋರ್ಟ್ ಹಿಡಿದು ಪ್ರವಾಸಿ ವೀಸಾದಲ್ಲಿ ಹೋಗುವವರಿಗೆ ತೊಂದರೆ ಶುರುವಾಗಿದೆ. ಅಮೆರಿಕದ ವೀಸಾದಲ್ಲಂತೂ ಒಂಟಿ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಹಾಕುತ್ತಾರೆ. ಅಂದರೆ, ಮೊದಲ ಹೆಸರು ಗೊತ್ತಿಲ್ಲ ಅಂತ. ಹೆತ್ತವರು ತೊಟ್ಟಿಲ ಹತ್ತಿರ ಕಿವಿಯಲ್ಲಿ ಹೇಳಿದ ಹೆಸರು ಅದು!

ಇನ್ನು ಮಗಳ ವಿಷಯ. ಅವಳದು ಹೊಸ ದಾಖಲೆ, ಅಲ್ಲಿ ನಿಮಗೆ ಕೈ ಬಿಚ್ಚಿ ಯೋಚಿಸಲು ಅವಕಾಶ ಇದೆ. ನನ್ನ ಮಗಳಿಗೆ ನಾವು ಜಾತಿಯನ್ನೂ ಹಾಕಲಿಲ್ಲ, ನನ್ನ ಹೆಸರನ್ನೂ ಹಾಕಲಿಲ್ಲ. ಅವಳ ಹೆಸರು, ಮುಂದೆ ಹೊಸಹಳ್ಳಿ. ಅಷ್ಟೇ. ಊರಿನ ಹೆಸರು ಯಾರನ್ನೂ ಮೇಲೆ ಕೆಳಗೆ ಮಾಡಲ್ಲ, ಎಷ್ಟು ತಲೆಮಾರಿಗಾದರೂ ಬರುತ್ತೆ. ಜನನ ಪ್ರಮಾಣಪತ್ರದ ಅರ್ಜಿ ತುಂಬುವಾಗ ಹೆಂಡತಿ ಚೀಟಿ ಹಿಡಿದು ಒಂದೊಂದೇ ಅಕ್ಷರ ಓದಿದಳು, ನಾನು ಬರೆದೆ.

ಪತ್ರ ಕೈಗೆ ಬಂದಾಗ ಅಪ್ಪನಿಗೆ ತೋರಿಸಿದೆ. ಕೋಲನ್ನು ಗೋಡೆಗೆ ಒರಗಿಸಿ, ಕನ್ನಡಕ ಹಾಕಿಕೊಂಡು, ಕನ್ನಡದ ಸಾಲಿನ ಮೇಲೆ ಬೆರಳಿಟ್ಟು ಮೆಲ್ಲಗೆ ಓದಿದರು. ಮಗುವಿನ ಹೆಸರು ಓದಿದರು. ಹೊಸಹಳ್ಳಿ ಅಂತ ಓದಿದರು. ತಂದೆ ಹೆಸರು, ತಾಯಿ ಹೆಸರು ಓದಿದರು. ಪತ್ರ ತಿರುಗಿಸಿ ಹಿಂದುಗಡೆಯೂ ನೋಡಿದರು.

'ನನ್ನ ಹೆಸ್ರು ಎಲ್ಲೂ ಇಲ್ವಲ್ಲಾ ಮಗ' ಅಂದರು. ಅವರಿಗೆ ಏನು ಹೇಳಬೇಕು ಅಂತ ನನಗೆ ಇನ್ನೂ ತಿಳಿದಿಲ್ಲ.