ಮುಲಾಮು ಐದು, ಗಾಯ ಒಂದೇ

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಬ್ರೂನೋಗೆ ಆರು ವರ್ಷ. ದೀಪಾವಳಿ ಹೊತ್ತಿಗೆ ಎಡ ಮುಂಗಾಲಿನ ಮಣಿಕಟ್ಟಿನ ಮೇಲೆ ಸಣ್ಣ ಗಾಯ ಕಂಡಿತು. ಈಗ ಶಿವರಾತ್ರಿ ಮುಗಿದಿದೆ. ಗಾಯ ಐದು ರೂಪಾಯಿ ನಾಣ್ಯದಷ್ಟಾಗಿ, ಕೂದಲು ಉದುರಿ, ಚರ್ಮ ದಪ್ಪಗಾಗಿದೆ. ಮೂರು ಡಾಕ್ಟರ ಹತ್ತಿರ ಹೋದೆವು, ಐದು ಮುಲಾಮು ಆಯಿತು. ಕೊರಳಿಗೆ ಪ್ಲಾಸ್ಟಿಕ್ ಬಕೆಟ್ ಹಾಕಿದರೆ ಹತ್ತು ದಿನಕ್ಕೆ ಒಣಗುತ್ತದೆ, ತೆಗೆದರೆ ಮತ್ತೆ ಹಸಿ. ಟಿವಿ ನೋಡುವ ಹೊತ್ತಿಗೆ ನೆಕ್ಕಲು ಶುರು ಮಾಡಿದರೆ ನಿಲ್ಲಿಸುವುದೇ ಇಲ್ಲ. ಮಗ ಓದಲು ಬೆಂಗಳೂರಿಗೆ ಹೋದ ಮೇಲೆ ವಾಕಿಂಗ್ ಕೂಡ ನಿಂತಿದೆ. ಅತ್ತೆ ಅರಿಶಿನ ಹಚ್ಚುತ್ತಾರೆ, ಅದನ್ನೂ ನೆಕ್ಕುತ್ತಾನೆ. ಈಗಂತೂ ಆಸ್ಪತ್ರೆ ಗೇಟು ಕಂಡರೆ ಕೂತುಬಿಡುತ್ತಾನೆ. 34 ಕಿಲೋ ಇದ್ದಾನೆ, ಎತ್ತುವುದು ಯಾರು? ನಾವು ಎಲ್ಲಿ ತಪ್ಪಿದೆವು?
ಒಬ್ಬ ಗೃಹಿಣಿ, ಸಾಗರ

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಮುಲಾಮಿನ ಮಾತಿಗಿಂತ ಮುಖ್ಯವಾದ ಸಾಲು ಇನ್ನೊಂದಿದೆ. ಮಗ ಹೋದ, ವಾಕಿಂಗ್ ನಿಂತಿತು ಅಂದಿರಲ್ಲ, ಅದು.

ಇದು ನೆಕ್ಕಿ ನೆಕ್ಕಿ ಆದ ಗಾಯ. ನಾಯಿಯ ನಾಲಿಗೆ ಬೆಕ್ಕಿನದರಷ್ಟು ಒರಟಲ್ಲ, ಆದರೂ ಒಂದೇ ಜಾಗವನ್ನು ದಿನಕ್ಕೆ ನೂರಾರು ಸಲ ಉಜ್ಜಿದರೆ ಚರ್ಮ ದಪ್ಪಗಾಗುತ್ತದೆ, ಕೂದಲಿನ ಬೇರುಗಳು ಒಡೆದು ಒಳಗೆ ಕೀವು ಕೂರುತ್ತದೆ. ಕೀವಿದ್ದರೆ ತುರಿಕೆ, ತುರಿಕೆಯಾದರೆ ಮತ್ತೆ ನೆಕ್ಕು. ಮೇಲೆ ಹಚ್ಚಿದ ಮುಲಾಮು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಅಲ್ಲದೆ ಐದು ಮುಲಾಮಿನಲ್ಲಿ ಎಷ್ಟು ಗಾಯಕ್ಕೆ ಹೋಯಿತು, ಎಷ್ಟು ಬ್ರೂನೋ ಹೊಟ್ಟೆಗೆ ಹೋಯಿತು, ನೀವೇ ಲೆಕ್ಕ ಹಾಕಿ.

ನೆಕ್ಕಲು ಶುರುವಾಗುವುದಕ್ಕೆ ಕಾರಣ ಹಲವು. ಅಲರ್ಜಿ ಇರಬಹುದು, ಚರ್ಮದೊಳಗೆ ಮುಳ್ಳು ಸಿಕ್ಕಿರಬಹುದು, ಕೀಲುನೋವು ಇರಬಹುದು. ಸುಮ್ನೆ ಬೇಜಾರೂ ಇರಬಹುದು. ಬೇಜಾರು ಅಂತ ಮೊದಲೇ ತೀರ್ಮಾನ ಮಾಡಬೇಡಿ, ಆ ತಪ್ಪು ನಾನೇ ಮಾಡಿದ್ದೇನೆ. ನಮ್ಮ ಮನೆಯ ಕರಿಯನಿಗೂ ಇದೇ ಜಾಗದಲ್ಲಿ ಗಾಯವಾಗಿತ್ತು. ಆಗ ನಾನು ಸರ್ವಿಸ್‌ನಲ್ಲಿದ್ದೆ. ಊರ ನಾಯಿಗಳಿಗೆಲ್ಲ ಔಷಧಿ ಬರೆಯುವವನು ಮನೆ ನಾಯಿಗೆ ನಾಲ್ಕು ತಿಂಗಳು ಬರೀ ಪಟ್ಟಿ ಕಟ್ಟಿದೆ. ಬೆಳಿಗ್ಗೆ ಏಳುವಾಗ ಆ ಕಾಲನ್ನು ಮೊದಲು ಎರಡು ಸಲ ಝಾಡಿಸಿ ಆಮೇಲೆ ಊರುತ್ತಿದ್ದ. ಅದನ್ನು ಗಮನಿಸಿದ್ದು ನಾನಲ್ಲ, ನನ್ನ ಹೆಂಡತಿ. ಎಕ್ಸ್‌ರೇ ತೆಗೆಸಿದರೆ ಮಣಿಕಟ್ಟಿನ ಕೀಲು ಸವೆದಿತ್ತು. ನೋವಿನ ಜಾಗವನ್ನು ಪಾಪ ಅವನು ಉಪಚಾರ ಮಾಡಿಕೊಳ್ಳುತ್ತಿದ್ದ, ನಾನು ಬೈಯುತ್ತಿದ್ದೆ.

ಹಾಗಾಗಿ ನಾಲ್ಕನೇ ಡಾಕ್ಟರನ್ನು ಹುಡುಕಬೇಡಿ. ಮೂವರಲ್ಲಿ ಬ್ರೂನೋ ಯಾರ ಕೈಗೆ ಕಾಲು ಕೊಡುತ್ತಾನೋ ಅವರನ್ನೇ ಹಿಡಿದುಕೊಳ್ಳಿ. ಹಳೆಯ ಚೀಟಿಗಳು, ಖಾಲಿ ಟ್ಯೂಬುಗಳು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಒಬ್ಬರು ಕೊಟ್ಟ ಸ್ಟೀರಾಯ್ಡ್ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ತೊಂದರೆ ಆಗುವುದು ಅಲ್ಲೇ. ಚರ್ಮ ಕೆರೆದು ನೋಡುವ ಪರೀಕ್ಷೆ, ಆ ಕಾಲಿನ ಎಕ್ಸ್‌ರೇ, ಯಾವ ಆಂಟಿಬಯಾಟಿಕ್ ನಾಟುತ್ತದೆ ಎಂದು ತಿಳಿಯಲು ಕಲ್ಚರ್, ಈ ಮೂರನ್ನೂ ಕೇಳಿ. ಮಾತ್ರೆ ಶುರುವಾದರೆ ಆರೆಂಟು ವಾರ ಬೇಕಾಗಬಹುದು. ಮೇಲೆ ಒಣಗಿತು ಅಂತ ಎರಡನೇ ವಾರಕ್ಕೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಶುರು. ಕತ್ತರಿಸಿ ತೆಗೆದುಬಿಡೋಣ ಅಂತ ಯಾರಾದರೂ ಹೇಳಿದರೆ ಅವಸರ ಬೇಡ. ಆ ಜಾಗದಲ್ಲಿ ಎಳೆದು ಹೊಲಿಯಲು ಚರ್ಮವೇ ಇರುವುದಿಲ್ಲ, ಹೊಲಿಗೆಯನ್ನೂ ನೆಕ್ಕಿ ಬಿಚ್ಚುತ್ತಾನೆ.

ಬಕೆಟ್ ಮೂಗಿಗಿಂತ ಎರಡು ಇಂಚು ಮುಂದಕ್ಕಿರಬೇಕು. ಊಟಕ್ಕೆ ತೆಗೆಯಿರಿ, ತಟ್ಟೆ ಖಾಲಿಯಾಗುವವರೆಗೆ ಪಕ್ಕದಲ್ಲೇ ಕೂತಿರಿ. ವಾರಕ್ಕೊಮ್ಮೆ ಗಾಯದ ಪಕ್ಕ ಅದೇ ಐದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ. ದಿನಾ ನೋಡುವವರಿಗೆ ಗಾಯ ಕುಗ್ಗಿದ್ದು ಗೊತ್ತಾಗಲ್ಲ. ಅತ್ತೆಯವರಿಗೆ ಅರಿಶಿನ ಸಾರಿಗೇ ಇರಲಿ ಅಂತ ನನ್ನ ಹೆಸರು ಹೇಳಿ ತಿಳಿಸಿ. ಮಳೆ ಹಿಡಿಯುವುದರೊಳಗೆ ಗಾಯ ಮುಚ್ಚಬೇಕು. ನಿಮ್ಮ ಕಡೆಯ ಮಳೆಗಾಲದಲ್ಲಿ ಹಸಿ ಗಾಯದ ಮೇಲೆ ನೊಣ ಕೂತರೆ ಒಂದೇ ದಿನದಲ್ಲಿ ಹುಳ ಆಗುತ್ತದೆ. ಹಾಗೆ ಹುಳ ಆದರೂ ಪೆಟ್ರೋಲು, ಫಿನಾಯಿಲು ಸುರಿಯಬೇಡಿ. ಸೀದಾ ಆಸ್ಪತ್ರೆಗೆ ಬನ್ನಿ.

ಇನ್ನು ಗೇಟಿನ ವಿಷಯ. ಬ್ರೂನೋ ಪ್ರಕಾರ ಆ ಗೇಟು ಅಂದರೆ ಸೂಜಿ. ಆ ಲೆಕ್ಕ ಕೆಡಿಸಬೇಕು. ಚಿಕಿತ್ಸೆ ಇಲ್ಲದ ದಿನವೂ ಕರೆದುಕೊಂಡು ಹೋಗಿ, ತೂಕದ ಮೇಲೆ ನಿಲ್ಲಿಸಿ, ಬಿಸ್ಕತ್ತು ಕೊಟ್ಟು ವಾಪಸ್ ಬನ್ನಿ. ಅಲ್ಲಿನ ಕಾಂಪೌಂಡರ್ ಕೈಯಿಂದಲೇ ಬಿಸ್ಕತ್ತು ಕೊಡಿಸಿದರೆ ಇನ್ನೂ ಒಳ್ಳೆಯದು. ಸರದಿ ಬರುವವರೆಗೆ ಒಳಗೆ ಕಾಯಬೇಡಿ, ಹೊರಗೆ ಮರದ ನೆರಳಲ್ಲಿರಿ. ಒಳಗೆ ಬರೀ ಹೆದರಿದ ನಾಯಿಗಳ ವಾಸನೆ. ಸಂಜೆ ಅರ್ಧ ಗಂಟೆ ವಾಕಿಂಗ್ ಅಂತೂ ಇವತ್ತಿನಿಂದಲೇ ಶುರುವಾಗಲಿ. ಟಿವಿ ಮುಂದೆ ಕೂರುತ್ತಾನಲ್ಲ, ಆಗ ಒಣ ತೆಂಗಿನಕಾಯಿ ಚಿಪ್ಪಿನ ತಳಕ್ಕೆ ಒಂದಿಷ್ಟು ಮೊಸರನ್ನ ಮೆತ್ತಿ ಕೊಡಿ. ನಾಲಿಗೆಗೂ ಏನಾದರೂ ಕೆಲಸ ಬೇಕಲ್ವಾ.

ಪ್ರಶ್ನೆ: ನಮ್ಮ ಮುಧೋಳ ನಾಯಿ ಯಾರು ಬಂದರೂ ಬಾಲ ಬೀಸುತ್ತದೆ. ಬಾಲ ಕಬ್ಬಿಣದ ಗೇಟಿಗೆ ಬಡಿದು ತುದಿ ಒಡೆದಿದೆ. ಗೋಡೆ ತುಂಬಾ ರಕ್ತ. ಎರಡು ತಿಂಗಳಿಂದ ಪಟ್ಟಿ ನಿಲ್ಲುತ್ತಿಲ್ಲ. ಬಾಲ ಕತ್ತರಿಸಬೇಕು ಅನ್ನುತ್ತಾರೆ, ಮನಸ್ಸು ಬರುತ್ತಿಲ್ಲ.
ಒಬ್ಬ ಓದುಗ, ಗದಗ

ಉತ್ತರ: ಖುಷಿಯಿಂದಲೇ ಗಾಯ ಮಾಡಿಕೊಳ್ಳುವ ನಾಯಿ ನಿಮ್ಮದು. ಮುಧೋಳದ ಚರ್ಮ ತೆಳು, ಬಾಲ ಉದ್ದ, ತುದಿಯಲ್ಲಿ ಮಾಂಸವೇ ಇಲ್ಲ. ಪಟ್ಟಿಯ ಮೇಲೆ ಎರಡೂ ತುದಿ ಕತ್ತರಿಸಿದ ದೊಡ್ಡ ಸಿರಿಂಜಿನ ಕೊಳವೆಯನ್ನೋ ಪೈಪಿಗೆ ಸುತ್ತುವ ಫೋಮನ್ನೋ ತೊಡಿಸಿ, ಕೂದಲಿನ ಭಾಗಕ್ಕೆ ಅಂಟಿಸುವಂತೆ ಡಾಕ್ಟರಿಗೆ ಹೇಳಿ. ಬಿಗಿಯಾದರೆ ತುದಿ ಕಪ್ಪಾಗುತ್ತದೆ, ದಿನಾ ನೋಡಿ. ಬಂದವರನ್ನು ಗೇಟಿನ ಹತ್ತಿರ ಮಾತಾಡಿಸುವ ಬದಲು ನಾಯಿಯನ್ನು ಅಂಗಳದ ನಡುವೆ ನಿಲ್ಲಿಸಿ. ಅಲ್ಲಿ ಎಷ್ಟು ಬೇಕಾದರೂ ಬೀಸಲಿ. ಇದನ್ನೆಲ್ಲ ಮಾಡಿಯೂ ಒಂದು ತಿಂಗಳಲ್ಲಿ ಮಾಯದಿದ್ದರೆ, ಅಥವಾ ಮೂಳೆ ಕಂಡರೆ, ಕತ್ತರಿಸುವುದೇ ಮೇಲು. 2005ರಲ್ಲಿ ಅಂಚೆಚೀಟಿ ಮೇಲೆ ಬಂದ ತಳಿ, ಬಾಲ ಮೋಟಾದರೆ ಚಂದ ಕೆಡುತ್ತದೆ ಅಂತ ನಿಮಗೆ ಅನ್ನಿಸಬಹುದು. ನಾಯಿಗೆ ಅನ್ನಿಸುವುದಿಲ್ಲ. ಒಂದು ಮಾತು ಮಾತ್ರ ನೆನಪಿಡಿ. ಮೈಯಲ್ಲಿ ಕೊಬ್ಬಿಲ್ಲದ ಇಂಥ ಬೇಟೆ ನಾಯಿಗಳಿಗೆ ಅರಿವಳಿಕೆ ಲೆಕ್ಕ ಬೇರೆ, ಅದನ್ನು ತಿಳಿದವರ ಹತ್ತಿರವೇ ಮಾಡಿಸಿ.

ಪ್ರಶ್ನೆ: ಕುಂಟುವ ನಾಯಿಗೆ ನಾವು ನುಂಗುವ ನೋವಿನ ಮಾತ್ರೆಯನ್ನೇ ಅರ್ಧ ಕೊಡಬಹುದೇ?
ಒಬ್ಬ ಓದುಗ, ತುಮಕೂರು

ಉತ್ತರ: ಬೇಡ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಪತ್ರ ಸಿಕ್ಕ ದಿನವೇ ನಿಮಗೆ ಫೋನ್ ಮಾಡಿದ್ದು ಇದಕ್ಕೇ. ಪತ್ರಿಕೆ ಅಚ್ಚಾಗುವವರೆಗೆ ಕಾಯುವ ಪ್ರಶ್ನೆ ಅಲ್ಲ ಇದು.